ಲ್ಯೂಟ್ ಉತ್ಸವಕ್ಕೆ ಹೋಗುವುದೋ, ಆ ದುಡ್ಡಿಗೆ ವಾದ್ಯ ಕೊಳ್ಳುವುದೋ?

ಕಳೆದ ಎರಡು ತಿಂಗಳಲ್ಲಿ ನನ್ನ ಹತ್ತಿರ ಒಂದೇ ಪ್ರಶ್ನೆ ಮೂರು ಸಲ ಬಂತು. ಮೊದಲು ಕೇಳಿದವನು ಜಯನಗರದ ಹುಡುಗ. ಸಾಫ್ಟ್‌ವೇರ್ ಕೆಲಸ, ಹತ್ತು ವರ್ಷದಿಂದ ಕ್ಲಾಸಿಕಲ್ ಗಿಟಾರ್ ನುಡಿಸುತ್ತಾನೆ. ಎರಡನೆಯವಳು ಮಲ್ಲೇಶ್ವರದಲ್ಲಿ ನನ್ನ ಜೊತೆ ವೀಣೆ ಕಲಿತ ಗೆಳತಿಯ ಮಗಳು. ವಿದ್ವತ್ ಮುಗಿಸಿದ್ದಾಳೆ, ಈಗೀಗ ಕಚೇರಿಗಳೂ ಸಿಗುತ್ತಿವೆ. ಮೂರನೆಯವರು ಬಸವನಗುಡಿಯ ದಂಪತಿ. ಇಬ್ಬರೂ ಬ್ಯಾಂಕಿನಿಂದ ನಿವೃತ್ತರಾದವರು. ನುಡಿಸುವವರಲ್ಲ, ಆದರೆ ಕೇಳುವುದೆಂದರೆ ಜೀವ. ಹೊರದೇಶದಲ್ಲಿ ಬೇಸಿಗೆಯಲ್ಲಿ ನಡೆಯುವ ಒಂದು ವಾರದ ಲ್ಯೂಟ್ ಉತ್ಸವಕ್ಕೆ ಹೋಗಬಹುದೇ, ಅಷ್ಟು ಖರ್ಚಿಗೆ ತಕ್ಕ ಫಲ ಉಂಟೇ ಎಂಬುದು ಎಲ್ಲರ ಪ್ರಶ್ನೆ.

ನಾನು ಅಂಥ ವಾರಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದದ್ದು ಹೊತ್ತಲ್ಲದ ಹೊತ್ತಿನಲ್ಲಿ, ಎರಡನೆಯ ಸಲ ಸರಿಯಾದ ಹೊತ್ತಿನಲ್ಲಿ. ಎರಡರ ನಡುವಿನ ವ್ಯತ್ಯಾಸ ಉತ್ಸವದಲ್ಲಿ ಇರಲಿಲ್ಲ, ನಾನು ಏನು ಹೊತ್ತುಕೊಂಡು ಹೋದೆ, ವಾಪಸ್ ಬಂದಾಗ ಮನೆಯಲ್ಲಿ ಏನಿತ್ತು ಎಂಬುದರಲ್ಲಿ ಇತ್ತು. ಅದಕ್ಕೇ ಮೂವರಿಗೂ ಒಂದೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಈ ವಾದ್ಯವನ್ನು ಕಂಡಿರದವರಿಗೆ ನಾಲ್ಕು ಮಾತು. ಅರಬರ ಊದ್ ಯುರೋಪಿಗೆ ಹೋಗಿ ಲ್ಯೂಟ್ ಆಯಿತು. ಹೆಸರೂ ‘ಅಲ್ ಊದ್’ ಎಂಬುದರಿಂದಲೇ ಬಂದದ್ದು. ಪಪ್ಪಾಯಿಯನ್ನು ಉದ್ದಕ್ಕೆ ಸೀಳಿ ಮಗುಚಿದ ಹಾಗೆ ಬೆನ್ನು, ಮುಂದೆ ಎರಡು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಮರದ ಹಲಗೆ, ಹಿಂದಕ್ಕೆ ಮಡಿಚಿದಂತಿರುವ ಬಿರಡೆಗಳ ತಲೆ. ಒಳ್ಳೆಯ ಲ್ಯೂಟ್ ಒಂದು ಕಿಲೋ ಕೂಡ ತೂಗುವುದಿಲ್ಲ. ವೀಣೆ ಎತ್ತಿ ಅಭ್ಯಾಸವಾದ ಕೈಗೆ ಮೊದಲ ಸಲ ಅದು ಖಾಲಿ ಪೆಟ್ಟಿಗೆ ಅನ್ನಿಸುತ್ತದೆ. ತಂತಿಗಳು ಜೋಡಿ ಜೋಡಿಯಾಗಿರುತ್ತವೆ, ಎಲ್ಲಕ್ಕಿಂತ ಮೇಲಿನ ಶ್ರುತಿಯ ತಂತಿ ಮಾತ್ರ ಸಾಮಾನ್ಯವಾಗಿ ಒಂಟಿ. ನಮ್ಮ ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿದ್ದರೆ ಲ್ಯೂಟಿನ ಮೆಟ್ಟಿಲುಗಳು ಕುತ್ತಿಗೆಗೆ ಸುತ್ತಿ ಗಂಟು ಹಾಕಿದ ಕರುಳಿನ ದಾರ. ಬೇಕಾದರೆ ಬೆರಳಿನಿಂದ ತಳ್ಳಿ ಸರಿಸಬಹುದು. 1507ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಲ್ಯೂಟ್ ಸಂಗೀತವನ್ನು ಅಚ್ಚು ಹಾಕಿದ. ಲ್ಯೂಟಿಗೆ ಕೃತಿಗಳನ್ನು ರಚಿಸಿದ ಇಂಗ್ಲೆಂಡಿನ ವಾದಕ ಜಾನ್ ಡೌಲೆಂಡ್ ಬದುಕಿದ್ದದ್ದು 1563ರಿಂದ 1626ರವರೆಗೆ. ಅದೇ ಕಾಲದಲ್ಲಿ, 1580ರಿಂದ 1627ರವರೆಗೆ, ನಮ್ಮ ವಿಜಯಪುರವನ್ನು ಆಳುತ್ತಿದ್ದ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ತಂಬೂರಕ್ಕೆ ‘ಮೋತಿಖಾನ್’ ಎಂದು ಹೆಸರಿಟ್ಟು ಒಡನಾಡಿಯ ಹಾಗೆ ನೋಡಿಕೊಂಡಿದ್ದ. ಡೌಲೆಂಡ್, ಇಬ್ರಾಹಿಂ ಎಂಬ ಈ ಎರಡು ಹೆಸರುಗಳನ್ನು ನಾನು ಯಾವಾಗಲೂ ಒಟ್ಟಿಗೇ ನೆನೆಯುತ್ತೇನೆ. ಲ್ಯೂಟಿನ ಕಡೆಗೆ ನನ್ನನ್ನು ಎಳೆದದ್ದೂ ಈ ಸಮಕಾಲವೇ.

ಯಾವ ಅಳತೆಗೋಲು ಹಿಡಿಯಬೇಕು

ಹೋಗುವುದೋ ಬೇಡವೋ ಎಂದು ಯೋಚಿಸುವ ಮೊದಲು ಐದು ವಿಷಯ ಕಾಗದದಲ್ಲಿ ಬರೆದುಕೊಳ್ಳಿ. ಒಂದು, ನಿಮಗೆ ಬೇಕಾದದ್ದು ಕೈಗೆ ಪಾಠವೋ, ಕಿವಿಗೆ ಊಟವೋ, ಅಥವಾ ಈ ವಾದ್ಯವನ್ನು ಒಮ್ಮೆ ಮುಟ್ಟಿ ನೋಡುವ ಆಸೆಯೋ. ಎರಡು, ಇವತ್ತಿನ ಮಟ್ಟಿಗೆ ನಿಮ್ಮ ಕೈಯಲ್ಲಿ ಏನಿದೆ: ಲ್ಯೂಟ್ ಇದೆಯೇ, ಗಿಟಾರ್ ಅಥವಾ ವೀಣೆಯ ಅಭ್ಯಾಸ ಇದೆಯೇ, ಟ್ಯಾಬ್ಲೇಚರ್, ಅಂದರೆ ಬೆರಳು ಎಲ್ಲಿಡಬೇಕೆಂದು ತೋರಿಸುವ ಲಿಪಿ, ಓದಲು ಬರುತ್ತದೆಯೇ. ಮೂರು, ರಜೆ. ನಾಲ್ಕು, ದುಡ್ಡು. ಐದು, ಬೆಂಗಳೂರಿಗೆ ಮರಳಿದ ಮೇಲಿನ ಆರು ತಿಂಗಳು ನೀವು ಯಾವ ವಾದ್ಯದ ಮೇಲೆ, ಯಾರ ಜೊತೆ ನುಡಿಸುತ್ತೀರಿ.

ಎಲ್ಲರೂ ನಾಲ್ಕನೆಯದರಿಂದ ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ತೂಕದ್ದು ಐದನೆಯದು. ಮೊದಲ ಸಲ ನಾನು ಸ್ವಂತ ಲ್ಯೂಟ್ ಇಲ್ಲದೆ ಹೋದೆ. ಅಲ್ಲಿ ಒಬ್ಬರು ಎರವಲು ಕೊಟ್ಟರು, ಆರು ದಿನ ಕುಣಿದಾಡಿಕೊಂಡು ಕಲಿತೆ, ಕೊನೆಯ ದಿನ ವಾದ್ಯ ಹಿಂದಿರುಗಿಸಿ ವಿಮಾನ ಹತ್ತಿದೆ. ಆಮೇಲೆ ತಯಾರಕರೊಬ್ಬರಿಗೆ ಆರ್ಡರ್ ಕೊಟ್ಟು ಹದಿನಾಲ್ಕು ತಿಂಗಳು ಕಾದೆ. ವಾದ್ಯ ಮನೆಗೆ ಬಂದ ದಿನ ಕೈಯಲ್ಲಿ ಏನೂ ಉಳಿದಿರಲಿಲ್ಲ. ತಲೆಗೆ ಎಲ್ಲ ನೆನಪಿತ್ತು, ಬೆರಳಿಗೆ ಇರಲಿಲ್ಲ.

ಆ ವಾರದಲ್ಲಿ ನಿಜಕ್ಕೂ ಸಿಗುವುದು

ಅಮೆರಿಕದ ಲ್ಯೂಟ್ ಸೊಸೈಟಿ 1966ರಲ್ಲಿ ಶುರುವಾದದ್ದು. ಅದರ ಬೇಸಿಗೆ ಉತ್ಸವ ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಆವರಣದಲ್ಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಇಂಥ ವಾರಗಳ ದಿನಚರಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಬೆಳಿಗ್ಗೆ ಕೈಯ ತಂತ್ರದ ತರಗತಿ, ಮಧ್ಯಾಹ್ನ ನಾಲ್ಕೈದು ಲ್ಯೂಟ್ ಸೇರಿ ನುಡಿಸುವ ಗುಂಪು ಮತ್ತು ಉಪನ್ಯಾಸ, ನಡುವೆ ಸಮಯ ಹೊಂದಿಸಿಕೊಂಡು ಒಂದೆರಡು ಖಾಸಗಿ ಪಾಠ, ರಾತ್ರಿ ಗುರುಗಳ ಕಚೇರಿ, ಕೊನೆಗೆ ಕಲಿಯಲು ಬಂದವರ ಕಚೇರಿ. ವಾದ್ಯ ಮಾಡುವವರು ತಮ್ಮ ಲ್ಯೂಟ್‌ಗಳನ್ನು ಮೇಜಿನ ಮೇಲೆ ಇಟ್ಟಿರುತ್ತಾರೆ, ಎತ್ತಿ ನುಡಿಸಿ ನೋಡಬಹುದು.

ಇದರಲ್ಲಿ ಬೇರೆಲ್ಲೂ ಸಿಗದ್ದು ಯಾವುದು? ಉಪನ್ಯಾಸ ಅಲ್ಲ, ಅದು ಯೂಟ್ಯೂಬಿನಲ್ಲೂ ಸಿಗುತ್ತದೆ. ಸಿಗದ್ದು ಬಲಗೈ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೋಗಬೇಕೋ ಬೇಡವೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ವೀಣೆಯಲ್ಲಿ ನಾವು ತೋರುಬೆರಳು, ನಡುಬೆರಳಿನಿಂದ ಕೆಳಮುಖವಾಗಿ ಮೀಟುತ್ತೇವೆ, ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದೆ. ಹದಿನಾರನೆಯ ಶತಮಾನದ ಲ್ಯೂಟಿನಲ್ಲಿ ಹೆಬ್ಬೆರಳು ಅಂಗೈಯ ಒಳಗೆ ಸೇರಿಕೊಂಡು ಕೆಳಕ್ಕೆ, ತೋರುಬೆರಳು ಮೇಲಕ್ಕೆ, ಹೀಗೆ ಒಂದಾದ ಮೇಲೊಂದು ಮೀಟುತ್ತವೆ. ಗಟ್ಟಿ ಪೆಟ್ಟು ಹೆಬ್ಬೆರಳಿನದು, ಹಗುರ ಪೆಟ್ಟು ತೋರುಬೆರಳಿನದು. ಮೊದಲು ಲ್ಯೂಟನ್ನು ನಖಿ ಹಿಡಿದು ನುಡಿಸುತ್ತಿದ್ದರು, ಆ ಕೆಳಗೆ-ಮೇಲಿನ ಓಟವೇ ಬೆರಳುಗಳಿಗೂ ಇಳಿದು ಬಂತು. ವೀಣೆಯಲ್ಲಿ ಇಡೀ ದಿನ ದುಡಿಯುವ ಕಿರುಬೆರಳು ಇಲ್ಲಿ ಹಲಗೆಯ ಮೇಲೆ ಸುಮ್ಮನೆ ಊರಿ ನಿಲ್ಲಬೇಕು. ಇಪ್ಪತ್ತೈದು ವರ್ಷ ತಾಳ ಹಾಕಿದ ನನ್ನ ಕಿರುಬೆರಳಿಗೆ ಸುಮ್ಮನಿರುವುದೇ ಅತ್ಯಂತ ಕಷ್ಟದ ಪಾಠವಾಯಿತು. ತಿಂಗಳುಗಟ್ಟಲೆ ವಿಡಿಯೊ ನೋಡಿ ಸರಿಮಾಡಿಕೊಳ್ಳಲು ಆಗದ್ದನ್ನು ಗುರುಗಳೊಬ್ಬರು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಒಂದಂಗುಲ ತಿರುಗಿಸಿ ಹತ್ತು ನಿಮಿಷದಲ್ಲಿ ಸರಿ ಮಾಡಿದರು. ಜೋಡಿ ತಂತಿಗಳೆರಡೂ ಒಟ್ಟಿಗೆ, ಒಂದೇ ದನಿಯಾಗಿ ನುಡಿದದ್ದು ಅವತ್ತೇ ಮೊದಲು.

ಎಡಗೈಯದು ಇನ್ನೊಂದು ಕಥೆ. ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುವುದು ವೀಣೆಯ ಪ್ರಾಣ. ಲ್ಯೂಟಿನಲ್ಲಿ ಹಾಗೆ ಎಳೆದರೆ ಶ್ರುತಿಯೂ ಕೆಡುತ್ತದೆ, ಮೆಟ್ಟಿಲಿನ ದಾರವೂ ಸವೆಯುತ್ತದೆ. ಅದರ ಬದಲು ಎಡಗೈ ಒಂದೇ ಕಾಲಕ್ಕೆ ಎರಡು ಮೂರು ಸ್ವರಧಾರೆಗಳನ್ನು ಹಿಡಿದುಕೊಂಡಿರಬೇಕು. ಮೇಲಿನದು ಹರಿಯುತ್ತಿರುವಾಗ ಕೆಳಗಿನ ಸ್ವರ ಸಾಯಬಾರದು. ವೀಣೆಯವರಿಗೆ ಇದು ಹೊಸ ಲೋಕ. ಗಿಟಾರಿನವರಿಗೆ ಪರಿಚಿತ.

ಇನ್ನೊಂದು, ಬರೀ ಕೇಳುವುದು. ಲ್ಯೂಟಿನ ದನಿ ಬಹಳ ಸಣ್ಣದು. ಮೈಕ್ ಇಲ್ಲದೆ, ಐವತ್ತು ಜನ ಉಸಿರು ಹಿಡಿದು ಕೂತ ಕೋಣೆಯಲ್ಲಿ ಅದನ್ನು ಕೇಳುವ ಅನುಭವ ರೆಕಾರ್ಡಿಂಗಿನಲ್ಲಿ ಬರುವುದಿಲ್ಲ. ರೆಕಾರ್ಡಿಂಗ್ ಎಲ್ಲವನ್ನೂ ದೊಡ್ಡದು ಮಾಡಿಬಿಡುತ್ತದೆ. ಆ ಕೋಣೆಯಿಂದ ಬಂದ ಮೇಲೆ ನಾನು ಮನೆಯಲ್ಲಿ ವೀಣೆಗೆ ಹಾಕಿದ್ದ ಪಿಕಪ್ (ದನಿ ಹೆಚ್ಚಿಸಲು ವಾದ್ಯಕ್ಕೇ ಅಂಟಿಸುವ ಮೈಕ್) ತೆಗೆಸಿದೆ. ಕೇಳುವ ಕಿವಿ ಬದಲಾಗಿತ್ತು.

ಕೊರತೆಗಳೂ ಇವೆ. ಆರು ದಿನದಲ್ಲಿ ಖಾಸಗಿ ಪಾಠ ಸಿಗುವುದು ಬೆರಳೆಣಿಕೆಯಷ್ಟು, ನನಗೆ ಸಿಕ್ಕಿದ್ದು ಎರಡು. ಒಹಾಯೊಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಯ ವ್ಯತ್ಯಾಸ. ಉತ್ಸವದ ಹಿಂದಿನ ರಾತ್ರಿ ಇಳಿದರೆ ಮೊದಲ ಎರಡು ದಿನ ನಿದ್ದೆಗಣ್ಣಿನಲ್ಲೇ ಹೋಗುತ್ತವೆ, ಅಂದರೆ ಮೂರರಲ್ಲಿ ಒಂದು ಪಾಲು ದುಡ್ಡು ನೀರಿಗೆ ಹೋದ ಹಾಗೆ. ಮೂರು ದಿನ ಮೊದಲೇ ಹೋಗಿ. ವಿಶ್ವವಿದ್ಯಾಲಯದ ಪಕ್ಕದಲ್ಲೇ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯವಿದೆ, ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ನಿದ್ದೆ ಹೊಂದಿಕೊಳ್ಳುವವರೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಖರ್ಚು, ವೀಸಾ, ರಜೆ

ಜೂನ್-ಜುಲೈಯಲ್ಲಿ ಬೆಂಗಳೂರಿನಿಂದ ಕ್ಲೀವ್‌ಲ್ಯಾಂಡಿಗೆ ಹೋಗಿಬರುವ ಟಿಕೆಟ್‌ಗೆ ಒಂದರಿಂದ ಒಂದೂವರೆ ಲಕ್ಷ ಹಿಡಿದುಕೊಳ್ಳಿ. ದಾರಿಯಲ್ಲಿ ಸಾಮಾನ್ಯವಾಗಿ ಎರಡು ಕಡೆ ವಿಮಾನ ಬದಲಿಸಬೇಕಾಗುತ್ತದೆ. ಶುಲ್ಕ, ಹಾಸ್ಟೆಲ್ ಕೋಣೆ, ಊಟಕ್ಕೆ ಒಂದೂಕಾಲು ಲಕ್ಷ ಎತ್ತಿಡಿ. ಪ್ರವಾಸಿ ವೀಸಾ ಅರ್ಜಿಗೆ 185 ಡಾಲರ್, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಸಂದರ್ಶನಕ್ಕೆಂದು ಚೆನ್ನೈಗೋ ಹೈದರಾಬಾದಿಗೋ ಹೋಗಿ ಬಂದ ಖರ್ಚನ್ನೂ ಸೇರಿಸಿ. ಎಲ್ಲ ಕೂಡಿದರೆ ಮೂರು ಲಕ್ಷದ ಆಸುಪಾಸು ನಿಲ್ಲುತ್ತದೆ. ಪದವಿಗೆ ಲೆಕ್ಕಕ್ಕೆ ಬಾರದ, ಹವ್ಯಾಸದ ಕಿರು ಕಲಿಕೆಗೆ ಪ್ರವಾಸಿ ವೀಸಾ ಸಾಕು, ವಿದ್ಯಾರ್ಥಿ ವೀಸಾ ಬೇಡ. ಸಂದರ್ಶನದಲ್ಲಿ ಕೇಳಿದರೆ ಇದನ್ನು ನೇರವಾಗಿ ಹೇಳಿ, ಉತ್ಸವದ ನೋಂದಣಿ ಪತ್ರ ಕೈಯಲ್ಲಿರಲಿ. ನಾನು ಮಾಡಿದ್ದೂ ಅಷ್ಟೇ.

ಇಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಿಗೆ ಒಂದು ಅನುಕೂಲವಿದೆ. ಮಗಳ ಬಾಣಂತನಕ್ಕೋ ಮಗನ ಮನೆ ಗೃಹಪ್ರವೇಶಕ್ಕೋ ಹೋಗಿ ಹತ್ತು ವರ್ಷದ ವೀಸಾ ಆಗಲೇ ಪಾಸ್‌ಪೋರ್ಟಿನಲ್ಲಿ ಕೂತಿರುತ್ತದೆ. ಹೇಗೂ ಟಿಕೆಟ್ ತೆಗೆಸುವವರೇ ಆದರೆ ಉತ್ಸವದ ನಿಜವಾದ ಖರ್ಚು ಒಂದೂವರೆ ಲಕ್ಷಕ್ಕೆ ಇಳಿಯುತ್ತದೆ. ಆಗ ಲೆಕ್ಕವೇ ಬೇರೆ.

ರಜೆಯ ವಿಷಯದಲ್ಲಿ ಶಾಲೆಯಲ್ಲಿ ಪಾಠ ಹೇಳುವವರಿಗೆ ಕಷ್ಟ. ನಮ್ಮ ಬೇಸಿಗೆ ರಜೆ ಏಪ್ರಿಲ್-ಮೇ, ಉತ್ಸವಗಳೆಲ್ಲ ಜೂನ್‌ನಿಂದ ಆಗಸ್ಟ್‌. ಸಂಗೀತದವರಿಗೆ ಮಾತ್ರ ಜುಲೈ ವರ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಕಚೇರಿಗಳೂ ಕಡಿಮೆ. ಶ್ರಾವಣ ಹುಟ್ಟುವ ಮೊದಲು ಹೋಗಿ ಬಂದರೆ ಇಲ್ಲಿನ ಸಂಪಾದನೆಗೆ ಪೆಟ್ಟು ಬೀಳುವುದಿಲ್ಲ.

ವಾದ್ಯ ಹೊತ್ತೊಯ್ಯುವವರಿಗೆ ಎರಡು ಮಾತು. ಲ್ಯೂಟನ್ನು ಕಾರ್ಗೋಗೆ ಬಿಡಬೇಡಿ. ವಿಮಾನ ಸಂಸ್ಥೆಗೆ ಮೊದಲೇ ಬರೆದು ಕ್ಯಾಬಿನ್ನಿಗೆ ಅನುಮತಿ ಪಡೆಯಿರಿ. ಇಲ್ಲ ಅಂದರೆ ಪಕ್ಕದ ಸೀಟಿನ ಟಿಕೆಟ್ಟನ್ನೂ ಕೊಳ್ಳಬೇಕಾದೀತು, ಆ ಖರ್ಚಿಗಿಂತ ಅಲ್ಲೇ ಎರವಲು ಕೇಳುವುದು ಲೇಸು. ಹೊರಡುವ ಮೊದಲು ತಂತಿಗಳನ್ನು ಒಂದು ಸ್ವರದಷ್ಟು ಸಡಿಲಿಸಿ. ಬಿರಡೆ ಜಾರಿದರೆ ವೀಣೆಗೆ ಮಾಡುವ ಸೀಮೆಸುಣ್ಣದ ಉಪಾಯವೇ ಇಲ್ಲೂ ನಡೆಯುತ್ತದೆ. ಕರುಳಿನ ತಂತಿ ನಮ್ಮ ಮಾರ್ಚ್‌ನ ಒಣಹವೆಗೂ ಜುಲೈನ ತೇವಕ್ಕೂ ದಿನಕ್ಕೆ ನಾಲ್ಕು ಸಲ ಶ್ರುತಿ ಬದಲಿಸುತ್ತದೆ. ಕರುಳಿನ ದನಿಗೆ ಹತ್ತಿರ ಬರುವಂತೆ ಇಟಲಿಯಲ್ಲಿ ಮಾಡುವ ನೈಲ್‌ಗಟ್ ಎಂಬ ಕೃತಕ ತಂತಿ ಹಾಕಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ಅದೇ ಮೂರು ಲಕ್ಷಕ್ಕೆ ಇನ್ನೊಂದು ದಾರಿ

ಕಲಿಯುವವರಿಗೆಂದು ಮಾಡಿದ, ಆದರೆ ಒಳ್ಳೆಯ ತಯಾರಕರ ಕೈಯಿಂದ ಬಂದ ಆರು ಅಥವಾ ಏಳು ಜೋಡಿ ತಂತಿಯ ಲ್ಯೂಟ್ ಸಾಗಣೆ, ಸುಂಕ ಸೇರಿ ಎರಡು ಲಕ್ಷದ ಹತ್ತಿರ ಬರುತ್ತದೆ. ಆನ್‌ಲೈನ್‌ನಲ್ಲಿ ಒಳ್ಳೆಯ ಗುರುಗಳ ಒಂದು ಗಂಟೆಯ ಪಾಠಕ್ಕೆ ಐದು ಸಾವಿರದ ಆಜುಬಾಜು. ಉಳಿದ ಒಂದು ಲಕ್ಷದಲ್ಲಿ ಇಪ್ಪತ್ತು ಪಾಠ, ಅಂದರೆ ತಿಂಗಳಿಗೆ ಎರಡರಂತೆ ಹತ್ತು ತಿಂಗಳು. ಉತ್ಸವದ ಎರಡು ಖಾಸಗಿ ಪಾಠದ ಎದುರಿಗೆ ಇಪ್ಪತ್ತು, ಮೇಲೆ ಮನೆಯಲ್ಲಿ ಉಳಿಯುವ ವಾದ್ಯ. ಲೆಕ್ಕ ಮಾತ್ರ ನೋಡಿದರೆ ಉತ್ಸವ ಸೋಲುತ್ತದೆ.

ಯುರೋಪಿನ ಗುರುಗಳಾದರೆ ಅವರ ಸಂಜೆ ಆರು ಗಂಟೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ಮಕ್ಕಳು ಮಲಗಿದ ಮೇಲೆ, ಬೀದಿಯ ಸದ್ದು ಅಡಗಿದ ಮೇಲೆ ಪಾಠಕ್ಕೆ ಅದು ಹೇಳಿ ಮಾಡಿಸಿದ ಹೊತ್ತು. ಝೂಮ್‌ನಲ್ಲಿ ಮೂಲ ಧ್ವನಿಯ ಆಯ್ಕೆ ಒತ್ತುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದು ಲ್ಯೂಟಿನ ಸಣ್ಣ ದನಿಯನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತದೆ. ನನ್ನ ಮೊದಲ ಪಾಠದಲ್ಲಿ ಗುರುಗಳಿಗೆ ಅರ್ಧ ಗಂಟೆ ಬರೀ ನನ್ನ ಉಸಿರು ಕೇಳಿಸಿತ್ತು.

ಆದರೆ ತೆರೆಯ ಆಚೆ ಇರುವವರಿಗೆ ನಿಮ್ಮ ಬೆರಳು ಎಲ್ಲಿದೆ ಎಂದು ಕಾಣುತ್ತದೆ, ಎಷ್ಟು ಬಿಗಿಯಾಗಿದೆ ಎಂದು ಕಾಣುವುದಿಲ್ಲ. ಬೆರಳು ಸರಿ, ಸ್ವರ ಸರಿ, ಲಯ ಸರಿ, ಆದರೂ ನಾದ ಬರುತ್ತಿಲ್ಲ ಎಂಬ ಘಟ್ಟ ಎಲ್ಲರಿಗೂ ಬರುತ್ತದೆ. ಉತ್ಸವದ ವಾರ ಬೇಕಾಗುವುದು ಆ ಘಟ್ಟದಲ್ಲಿ. ಮುಂಚೆ ಹೋದರೆ ಮೂಲಪಾಠವನ್ನು ಮೂರು ಲಕ್ಷ ಕೊಟ್ಟು ಕಲಿತ ಹಾಗೆ, ತೀರಾ ತಡವಾಗಿ ಹೋದರೆ ತಪ್ಪು ಕೈಯಲ್ಲಿ ಬೇರೂರಿರುತ್ತದೆ. ಲ್ಯೂಟ್ ಹಿಡಿದ ಒಂದು ಒಂದೂವರೆ ವರ್ಷದ ಮೇಲೆ ಎಂಬುದು ನಾನು ಕಂಡುಕೊಂಡ ಕಾಲ.

ಅಗ್ಗದ ಲ್ಯೂಟಿನ ಮೋಹಕ್ಕೆ ಬೀಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮೂವತ್ತು ನಲವತ್ತು ಸಾವಿರಕ್ಕೆ ಸಿಗುವ, ಗೋಡೆಗೆ ತೂಗುಹಾಕಲು ಲಾಯಕ್ಕಾದ ವಾದ್ಯಗಳು ಬಹಳ ಇವೆ. ಅಂಥದ್ದೊಂದು ನನ್ನ ಮನೆಯಲ್ಲೂ ಇತ್ತು. ಹಲಗೆ ದಪ್ಪ, ತೂಕ ಎರಡರಷ್ಟು, ಆರು ತಿಂಗಳಲ್ಲಿ ಕುತ್ತಿಗೆ ಬಾಗಿತು. ಅದರ ಮೇಲೆ ಕಲಿತ ಬಿಗಿಯನ್ನು ಬಿಡಿಸಿಕೊಳ್ಳಲು ಇನ್ನೊಂದು ವರ್ಷ ಬೇಕಾಯಿತು. ವಾದ್ಯವನ್ನು ಕೈಯಲ್ಲಿ ಹಿಡಿದು ನೋಡದೆ ಎರಡು ಲಕ್ಷ ಹಾಕಲು ಹೆದರಿಕೆ ಎನ್ನುವವರ ಅಳುಕು ನನಗೆ ಅರ್ಥವಾಗುತ್ತದೆ. ಉತ್ಸವದ ಪರವಾಗಿ ಇದೊಂದು ಗಟ್ಟಿಯಾದ ವಾದವೂ ಹೌದು. ಹತ್ತಾರು ಲ್ಯೂಟ್ ಒಂದೇ ಕೋಣೆಯಲ್ಲಿ ಎತ್ತಿ ನೋಡಿ, ತಂತಿಯ ಉದ್ದ ನಿಮ್ಮ ಕೈಗೆ ಐವತ್ತೆಂಟು ಸೆಂಟಿಮೀಟರೋ ಅರವತ್ತೆರಡೋ ಎಂದು ಗೊತ್ತುಮಾಡಿಕೊಂಡು ಆರ್ಡರ್ ಕೊಡಬಹುದು.

ಕೇಳುವುದಕ್ಕೇ ಹೋಗುವವರು

ನುಡಿಸದವರಿಗೆ ಲ್ಯೂಟ್‌ನ ಕಲಿಕೆಯ ವಾರ ಸಪ್ಪೆಯಾದೀತು. ಹಗಲೆಲ್ಲ ತರಗತಿ, ರಾತ್ರಿ ಮಾತ್ರ ಕಚೇರಿ. ಅವರಿಗೆ ದೊಡ್ಡ ಪ್ರಾಚೀನ ಸಂಗೀತೋತ್ಸವಗಳೇ ಸರಿ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ 1982ರಿಂದ ಆಗಸ್ಟ್ ಕೊನೆಯಲ್ಲಿ ಶುರುವಾಗಿ ಸುಮಾರು ಹತ್ತು ದಿನ ನಡೆಯುವ ಉತ್ಸವವಿದೆ, ಊರಿನ ಹಳೆಯ ಚರ್ಚುಗಳಲ್ಲೇ ಕಚೇರಿ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜುಲೈ. ಬಾಸ್ಟನ್‌ನಲ್ಲಿ 1981ರಿಂದ, ಬೆಸ ವರ್ಷಗಳ ಜೂನ್‌ನಲ್ಲಿ ಒಂದು ವಾರ. ಇಲ್ಲೆಲ್ಲ ಲ್ಯೂಟ್ ಒಂಟಿಯಾಗಿ ಸಿಗುವುದು ಕಡಿಮೆ. ಹಾಡಿನ ಹಿಂದೆ, ವಾದ್ಯಮೇಳದ ನಡುವೆ, ಆಳೆತ್ತರದ ಕುತ್ತಿಗೆಯ ಥಿಯೋರ್ಬೊ ರೂಪದಲ್ಲಿ ಸಿಗುತ್ತದೆ. ಯುಟ್ರೆಕ್ಟಿಗೆ ಷೆಂಗೆನ್ ವೀಸಾ ಬೇಕು, ವಯಸ್ಕರಿಗೆ 90 ಯೂರೊ, ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಸಮಯದ ವ್ಯತ್ಯಾಸ ಮೂರೂವರೆ ಗಂಟೆ ಅಷ್ಟೇ, ಹಿರಿಯರ ನಿದ್ದೆಗೆ ಇದು ದೊಡ್ಡ ಉಪಕಾರ.

ಇಲ್ಲೇ ಇದ್ದು ಏನು ಮಾಡಬಹುದು

ಬೆಂಗಳೂರಿನಲ್ಲಿ ಲ್ಯೂಟ್ ಕಲಿಸುವವರು ಬೀದಿಗೊಬ್ಬರು ಸಿಗುವುದಿಲ್ಲ, ನಿಜ. ಆದರೆ ಗಿಟಾರ್ ಇದ್ದವರು ಇವತ್ತೇ ಶುರು ಮಾಡಬಹುದು. ಮೂರನೆಯ ತಂತಿಯನ್ನು ಜಿ ಇಂದ ಅರ್ಧ ಸ್ವರ ಇಳಿಸಿ ಎಫ್ ಶಾರ್ಪ್‌ಗೆ ತನ್ನಿ. ಆರು ತಂತಿಗಳ ನಡುವಿನ ಅಂತರ ಲ್ಯೂಟಿನದೇ ಆಗುತ್ತದೆ. ಮೂರನೆಯ ಮೆಟ್ಟಿಲಿಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದರೆ ಶ್ರುತಿಯೂ ಲ್ಯೂಟಿನದೇ. ಆಮೇಲೆ ಟ್ಯಾಬ್ಲೇಚರ್. ಫ್ರಾನ್ಸ್, ಇಂಗ್ಲೆಂಡಿನ ಪದ್ಧತಿಯಲ್ಲಿ ಅಕ್ಷರಗಳು: ‘ಎ’ ಎಂದರೆ ಖಾಲಿ ತಂತಿ, ‘ಬಿ’ ಎಂದರೆ ಮೊದಲ ಮೆಟ್ಟಿಲು. ಇಟಲಿಯದರಲ್ಲಿ ಅಂಕಿಗಳು, ಅಲ್ಲಿ ಸಾಮಾನ್ಯವಾಗಿ ಕೆಳಗಿನ ಗೆರೆಯೇ ಮೇಲಿನ ಶ್ರುತಿಯ ತಂತಿ. ನಮ್ಮ ಸರಿಗಮ ಲಿಪಿ ಯಾವ ಸ್ವರ ಕೇಳಬೇಕು ಎಂದು ಹೇಳುತ್ತದೆ, ಟ್ಯಾಬ್ಲೇಚರ್ ಬೆರಳು ಎಲ್ಲಿ ಇಡಬೇಕು ಎಂದು ಹೇಳುತ್ತದೆ. ಸ್ವರಜ್ಞಾನವೇ ಇಲ್ಲದವರೂ ಒಂದು ವಾರದಲ್ಲಿ ಓದಲು ಕಲಿಯಬಹುದು. ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕೈ ಕೂರಿಸಿಕೊಳ್ಳಬೇಕೆಂದರೆ ಆರ್.ಟಿ. ನಗರದಲ್ಲಿ 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ.

ಕೇಳುವವರಿಗಂತೂ ಈ ಊರಿನಲ್ಲಿ ಬಡತನವಿಲ್ಲ. 1939ರಿಂದ ಶ್ರೀ ರಾಮಸೇವಾ ಮಂಡಳಿಯವರು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಸುವ ರಾಮನವಮಿ ಉತ್ಸವ ಒಂದು ತಿಂಗಳ ಸಂಗೀತ. ಆದರೆ ಚಪ್ಪರದಲ್ಲಿ ಮೈಕಿನಿಂದ ಕೇಳುವ ವೀಣೆಗೂ ಕೋಣೆಯಲ್ಲಿ ಮೈಕಿಲ್ಲದೆ ಕೇಳುವ ವೀಣೆಗೂ ಲ್ಯೂಟಿನಷ್ಟೇ ಅಂತರ ಇದೆ. ಮೈಸೂರು ಬಾನಿಯ ಹಿರಿಯರೊಬ್ಬರ ಮನೆಯಲ್ಲಿ, ಜಮಖಾನೆ ಮೇಲೆ ಹತ್ತು ಜನ ಕೂತು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ಲ್ಯೂಟಿನ ಸಣ್ಣ ದನಿಗೆ ಕಿವಿ ತೆರೆಯುವುದು ಹಾಗೆ ಕೂತಾಗಲೇ.

ಮೂವರಿಗೆ ನಾನು ಹೇಳಿದ್ದು

ಜಯನಗರದ ಹುಡುಗನಿಗೆ ಈ ವರ್ಷ ಬೇಡ ಅಂದೆ. ಅವನ ಹತ್ತಿರ ದುಡ್ಡಿದೆ, ರಜೆಯಿದೆ, ಆದರೆ ಲ್ಯೂಟ್ ಇಲ್ಲ. ಮೊದಲು ಎಫ್ ಶಾರ್ಪ್‌ಗೆ ಇಳಿಸಿದ ಗಿಟಾರಿನಲ್ಲಿ ಆರು ತಿಂಗಳು ಡೌಲೆಂಡ್ ನುಡಿಸಲಿ. ಅಷ್ಟಾದ ಮೇಲೂ ಆಸೆ ತಣಿಯದಿದ್ದರೆ ವಾದ್ಯಕ್ಕೆ ಆರ್ಡರ್ ಕೊಡಲಿ, ಅದು ಬರುವವರೆಗೆ ಆನ್‌ಲೈನ್ ಪಾಠ. ಉತ್ಸವ ಅದರ ಮುಂದಿನ ವರ್ಷ. ಅವನಿಗೆ ಬೇಸರವಾಯಿತು. ಆದರೆ ನನ್ನ ಹದಿನಾಲ್ಕು ತಿಂಗಳ ಕಥೆ ಕೇಳಿದ ಮೇಲೆ ಕೇಪೊ ಕೊಳ್ಳಲು ಹೊರಟ.

ಬಸವನಗುಡಿಯ ದಂಪತಿಗೆ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ವೀಸಾ ಇದೆ. ಮುಂದಿನ ಬೆಸ ವರ್ಷದ ಜೂನ್‌ಗೆ ಅವಳ ಮನೆಗೆ ಹೋಗುವ ಹಾಗೆ ನೋಡಿಕೊಳ್ಳಿ, ಅಲ್ಲಿಂದ ಬಾಸ್ಟನ್‌ಗೆ ರೈಲಿದೆ ಅಂದೆ. ಯುಟ್ರೆಕ್ಟ್ ಇದಕ್ಕಿಂತ ಸೊಗಸು, ಆದರೆ ಅವರಿಗೆ ಹೊಸ ವೀಸಾ, ಹೊಸ ಟಿಕೆಟ್, ಹೋಟೆಲಿನ ಊಟ. ಮಗಳ ಮನೆಯ ಸಾರು-ಅನ್ನದ ಮೇಲೆ ಒಂದು ವಾರದ ಕಚೇರಿ ಅವರ ವಯಸ್ಸಿಗೂ ಪಿಂಚಣಿಗೂ ಹೊಂದುತ್ತದೆ.

ವೀಣೆಯ ಹುಡುಗಿಯದು ಕಷ್ಟದ ಲೆಕ್ಕ. ಅವಳ ಹತ್ತಿರವೂ ಸ್ವಂತ ಲ್ಯೂಟ್ ಇಲ್ಲ, ಆದ್ದರಿಂದ ಅವಳಿಗೂ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವಳಿಗೆ ಲ್ಯೂಟ್ ವಾದಕಿ ಆಗುವ ಆಸೆಯಿಲ್ಲ. ಒಂದು ಸಲ ಇನ್ನೊಂದು ನಾಡಿನ ತಂತಿಯ ಹತ್ತಿರ ಕೂತು, ಅವರು ಬಲಗೈಯನ್ನು ಹೇಗೆ ಯೋಚಿಸುತ್ತಾರೆ ಎಂದು ಕಂಡು, ಅದನ್ನು ವೀಣೆಗೆ ತರಬೇಕು ಎಂಬುದು ಅವಳ ಬಯಕೆ. ಮರಳಿದ ಮೇಲೆ ನುಡಿಸಲು ವಾದ್ಯ ಮನೆಯಲ್ಲೇ ಇದೆ, ಅದು ವೀಣೆ. ನನ್ನ ಐದನೆಯ ಅಳತೆಗೋಲಿಗೆ ಅವಳು ಆಗಲೇ ಉತ್ತರ ಕೊಟ್ಟಿದ್ದಳು. ಮಿಕ್ಕದ್ದು ದುಡ್ಡು. ಎರಡು ವರ್ಷದ ಪಾಠದ ಸಂಬಳ ಕೂಡಿಟ್ಟಿದ್ದೇನೆ ಅಂದಳು. ಒಂದೇ ಎಚ್ಚರಿಕೆ ಹೇಳಿದೆ: ಲ್ಯೂಟ್ ಉಗುರನ್ನು ಒಪ್ಪುವುದಿಲ್ಲ, ಬೆರಳ ತುದಿಯ ಮಾಂಸವೇ ತಂತಿ ಮುಟ್ಟಬೇಕು. ಅವಳು ಮೀಟುವುದು ಉಗುರಿನಿಂದ. ಕೈಬೆರಳ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಕತ್ತರಿಸಿದರೆ ಎರಡು ತಿಂಗಳು ಕಚೇರಿ ನಾದ ಬರುವುದಿಲ್ಲ. ಗೌರಿ-ಗಣೇಶಕ್ಕೆ ಅವಳಿಗೆ ಮೂರು ಕಡೆ ಕಾರ್ಯಕ್ರಮ ಗೊತ್ತಾಗಿದೆ. ಯೋಚನೆ ಮಾಡಿ ಹೇಳು ಅಂದೆ.

ಮೊನ್ನೆ ರಾತ್ರಿ ಫೋನ್ ಬಂತು. “ಆಂಟಿ, ಉತ್ಸವ ಜುಲೈ ಮೊದಲ ವಾರಕ್ಕೆ ಮುಗಿದರೆ, ಉಗುರು ಯಾವಾಗ ಕತ್ತರಿಸಲಿ?”

ಜೂನ್ ಮಧ್ಯದಲ್ಲಿ, ತೋರುಬೆರಳು ನಡುಬೆರಳು ಎರಡೇ, ತೀರಾ ಬುಡಕ್ಕೆ ಹೋಗಬೇಡ ಎಂದು ಹೇಳಿದೆ.